ಮೂರು ಮೋಟರಿನ ಮುಹೂರ್ತ

"ಬುದ್ಧೀ, ನ್ಯಾಯ ನನ್ನ ಕಡೆಗೇ ಇರುವಾಗ ನಾನ್ಯಾಕೆ ತಡ್ಕೋಬೇಕು?"

ಕೇಳಿದವನು ತಿಪ್ಪೇಶ. ಮಠದ ಪಡಸಾಲೆಯಲ್ಲಿ ನಾವು ನಾಲ್ಕೈದು ಮಂದಿ ಕೂತಿದ್ದೆವು. ಅವನು ಬಂದವನೇ ಗುರುಗಳ ಪಾದ ಮುಟ್ಟಿದನೋ ಇಲ್ಲವೋ ಎನ್ನುವಷ್ಟು ಅವಸರದಲ್ಲಿ ಬಾಗಿ ಎದ್ದು ಈ ಪ್ರಶ್ನೆ ಹಾಕಿದ. ಮುಖ ಕೆಂಪಾಗಿತ್ತು.

ಸಂಗತಿ ಇಷ್ಟು. ಅವರದು ತಂದೆ ತೀರಿಕೊಂಡ ಮನೆ. ತಂಗಿಯ ಮದುವೆ ಹತ್ತಿರ ಬಂದಿತ್ತು. ಧಾರೆ ಎರೆಯುವವರು ಯಾರು ಎಂಬುದರ ಮೇಲೆ ಅವನಿಗೂ ಅವನ ಅಣ್ಣನಿಗೂ ಜಗಳ ಹತ್ತಿಕೊಂಡಿತ್ತು. ಅಣ್ಣ ಹಿರಿಯನೆಂದು ಹಕ್ಕು ಕೇಳುತ್ತಿದ್ದ. ತಿಪ್ಪೇಶ ತಂಗಿಯನ್ನು ಸಾಕಿದವನು.

"ಓದಿಸಿದವನು ನಾನು, ಗಂಡು ಹುಡುಕಿದವನು ನಾನು," ಎಂದ ತಿಪ್ಪೇಶ. "ಅವನು ಹೆಂಡ್ತಿ ಊರಲ್ಲಿ ತಣ್ಣಗೆ ಕೂತಿದ್ದ. ಈಗ ಮಡಿ ಉಟ್ಕೊಂಡು ಚಪ್ಪರಕ್ಕೆ ಬರ್ತಾನಂತೆ. ಬರ್ಲಿ. ಚೊಂಬಿಗೆ ಕೈ ಹಾಕ್ಲಿ. ಅಲ್ಲೇ ಬೀಗರ ಮುಂದೇನೇ ಎಲ್ಲಾ ಬಿಚ್ಚಿಡ್ತೀನಿ. ತಪ್ಪೇನೈತೆ ಹೇಳ್ರಿ."

"ಹುಡುಗಿ ಏನನ್ನುತ್ತಾಳೆ?" ಎಂದು ಗುರುಗಳು ಕೇಳಿದರು.

"ಅವಳೇನಂತಾಳೆ ಬುದ್ಧೀ. ಕೋಣೆ ಸೇರ್ಕೊಂಡು ಕೂತಾಳೆ, ಮಾತೇ ಆಡ್ತಿಲ್ಲ. ಅದಿರ್ಲಿ. ನೀವು ನ್ಯಾಯ ಹೇಳ್ರಿ."

ನಮ್ಮ ಗುರುಗಳು ಶಾಂತಮೂರ್ತಿಗಳಲ್ಲ. ಶಾಂತರೆಂದು ಯಾರೂ ಅವರನ್ನು ಹೊಗಳಿದ್ದಿಲ್ಲ, ಹೊಗಳಿದ್ದರೆ ಅವರು ಬೈಯುತ್ತಿದ್ದರು. ಅವರಿಗೆ ಸಿಟ್ಟು ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಈಗ ಇಳಿಯಿತು.

"ಕೂತುಕೋ. ನ್ಯಾಯ ತಮ್ಮ ಕಡೆಗಿದ್ದ ಮೂವರ ಕತೆ ಹೇಳುತ್ತೇನೆ," ಎಂದರು. ಹಾಗೆ ಅವರು ಹೇಳಿದ ಕತೆ ಇದು.

ಒಂದು ಊರು. ಊರಾಚೆ ಒಂದು ಬಯಲು. ಬಯಲಲ್ಲಿ ನಾಲ್ಕು ತಗಡಿನ ಶೆಡ್ಡು. ನಾಲ್ಕಕ್ಕೂ ಸೇರಿ ಕಂಬದ ಮೇಲೆ ಒಂದೇ ಟ್ರಾನ್ಸ್‌ಫಾರ್ಮರ್. ನೀವೆಲ್ಲ ಟಿಸಿ ಎನ್ನುತ್ತೀರಲ್ಲ, ಅದು.

ಮೊದಲ ಶೆಡ್ಡಿನಲ್ಲಿ ಒಬ್ಬ ಮರ ಕೊಯ್ಯುತ್ತಿದ್ದ. ಎರಡನೆಯದರಲ್ಲಿ ಒಬ್ಬ ಶೇಂಗಾ ಎಣ್ಣೆ ತೆಗೆಯುತ್ತಿದ್ದ. ಮೂರನೆಯದರಲ್ಲಿ ಒಬ್ಬ ಕಲ್ಲಿನ ಚಪ್ಪಡಿಗೆ ಪಾಲಿಶ್ ಹೊಡೆಯುತ್ತಿದ್ದ. ಮೂವರದೂ ದೊಡ್ಡ ಮೋಟರು. ನಾಲ್ಕನೆಯ ಶೆಡ್ಡಿನಲ್ಲಿ ಒಬ್ಬ ಹೆಂಗಸು ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುತ್ತಿದ್ದಳು. ಬೀರುವಿನಂಥ ಒಂದು ಪೆಟ್ಟಿಗೆ, ಅದರ ತುಂಬ ಮೊಟ್ಟೆ. ಕೋಳಿ ಕೂರಬೇಕಾದ ಜಾಗದಲ್ಲಿ ಕರೆಂಟು ಕೂತಿತ್ತು. ಒಂದು ಇಸ್ತ್ರಿಪೆಟ್ಟಿಗೆ ಎಳೆಯುವಷ್ಟು ಕರೆಂಟು ಅವಳಿಗೆ ಸಾಕು. ಆದರೆ ಮೂರು ವಾರ, ಹಗಲೂ ಇರುಳೂ, ತಪ್ಪದೆ ಬೇಕು.

"ಅವಳ ಹೆಸರೇನು ಬುದ್ಧೀ?" ಎಂದು ನಮ್ಮಲ್ಲೊಬ್ಬ ಬಾಯಿ ಹಾಕಿದ.

ಆ ಮೂವರಿಗೂ ಗೊತ್ತಿರಲಿಲ್ಲ, ಎಂದರು ಗುರುಗಳು. ಮೊಟ್ಟೆಯವಳು ಎನ್ನುತ್ತಿದ್ದರು. ಹೆಸರು ಹೇಳಿದರೆ ನೀನು ಆಮೇಲೆ ಜಾತಿ ಕೇಳುತ್ತೀಯ. ಸುಮ್ಮನೆ ಕೇಳು.

ದೊಡ್ಡ ಮೋಟರಿಗೆ ಒಂದು ಸ್ವಭಾವವಿದೆ. ಓಡುತ್ತಿರುವಾಗ ಅದರಷ್ಟು ಸಾಧು ಇನ್ನೊಂದಿಲ್ಲ. ತನ್ನ ಪಾಲಿನ ಕರೆಂಟು ತಿಂದುಕೊಂಡು ತನ್ನ ಪಾಡಿಗೆ ಇರುತ್ತದೆ. ಆದರೆ ನಿಂತಲ್ಲಿಂದ ಏಳುವಾಗ ಐದಾರು ಪಾಲು ಒಟ್ಟಿಗೆ ಎಳೆಯುತ್ತದೆ. ತುಂಬಿದ ಗಾಡಿಯನ್ನು ಕೆಸರಿನಿಂದ ಹೊರಡಿಸುವಾಗ ಎತ್ತುಗಳನ್ನು ನೋಡಿದ್ದೀಯಲ್ಲ. ಹೊರಟ ಮೇಲೆ ಅವು ಸಲೀಸು. ಹಾಗೆಯೇ. ಮೋಟರು ಹಾಗೆ ಎಳೆಯುವುದು ಸ್ವಲ್ಪ ಹೊತ್ತು ಮಾತ್ರ. ಕೊರಳಿಗೆ ಭಾರ ಕಟ್ಟಿ ಎಬ್ಬಿಸಿದರೆ ಆ ಹೊತ್ತು ಬೆಳೆಯುತ್ತದೆ. ಏಳಲಾಗದೆ ಹೋದರೆ ಎಳೆಯುತ್ತಲೇ ಇರುತ್ತದೆ.

ಬೆಳಿಗ್ಗೆ ಮೂವರೂ ಒಂದೇ ಹೊತ್ತಿಗೆ ಬಾಗಿಲು ತೆಗೆಯುತ್ತಿದ್ದರು. ಮೂವರೂ ಒಂದೇ ಹೊತ್ತಿಗೆ ಗುಂಡಿ ಒತ್ತುತ್ತಿದ್ದರು. ಮರದವನು ಹಿಂದಿನ ಸಂಜೆ ಅರ್ಧ ಕೊಯ್ದ ದಿಮ್ಮಿಯನ್ನು ಗರಗಸದ ಬಾಯಲ್ಲೇ ಬಿಟ್ಟು ಹೋಗಿರುತ್ತಿದ್ದ. ಎಣ್ಣೆಯವನ ಗಾಣದಲ್ಲಿ ಹಿಂಡಿ ಕಚ್ಚಿಕೊಂಡಿರುತ್ತಿತ್ತು. ಕಲ್ಲಿನವನ ಚಕ್ರ ಚಪ್ಪಡಿಯ ಮೇಲೆ ಊರಿಕೊಂಡೇ ಇರುತ್ತಿತ್ತು. ಆ ಭಾರದೊಂದಿಗೆ ಮೂರೂ ಒಟ್ಟಿಗೆ ಏಳಬೇಕು. ಬಯಲಿನ ದೀಪಗಳೆಲ್ಲ ಕೆಂಪಗಾಗುತ್ತಿದ್ದವು. ಟಿಸಿಯ ಕೆಳಗಿನ ಪೆಟ್ಟಿಗೆಯಲ್ಲಿ ಫ್ಯೂಸು ಸುಟ್ಟು ಹೋಗುತ್ತಿತ್ತು.

ಫ್ಯೂಸು ಎಂದರೆ ಸಣ್ಣ ತಂತಿ. ಮಿತಿ ಮೀರಿದರೆ ತಾನು ಸುಟ್ಟುಕೊಂಡು ಉಳಿದದ್ದನ್ನು ಉಳಿಸುವುದು ಅದರ ಧರ್ಮ. ಆ ಬಯಲಿನಲ್ಲಿ ಧರ್ಮ ಗೊತ್ತಿದ್ದದ್ದು ಅದೊಂದಕ್ಕೇ.

ಫ್ಯೂಸು ಹೋದರೆ ಲೈನ್‌ಮನ್ ಬರಬೇಕು. ಅವನು ಬರುವವರೆಗೆ ಮೂವರೂ ಅಂಗಳದಲ್ಲಿ ನಿಂತು ಒಬ್ಬರನ್ನೊಬ್ಬರು ಬೈಯುತ್ತಿದ್ದರು. ಮೊಟ್ಟೆಯವಳು ಬೈಯುವುದಕ್ಕೆ ಬರುತ್ತಿರಲಿಲ್ಲ. ಅವಳಿಗೆ ಪುರಸೊತ್ತಿರಲಿಲ್ಲ. ಪೆಟ್ಟಿಗೆಗೆ ಕೌದಿ ಹೊದಿಸಬೇಕು, ಒಲೆ ಹೊತ್ತಿಸಬೇಕು, ಬಿಸಿನೀರು ತುಂಬಿದ ತಂಬಿಗೆಗಳನ್ನು ಒಳಗೆ ಇಡಬೇಕು. ಆರುತ್ತಿದ್ದ ಹಾಗೆ ಬದಲಿಸಬೇಕು. ಪ್ರತಿ ಸಲವೂ ಒಂದಷ್ಟು ಮೊಟ್ಟೆ ಕೆಡುತ್ತಿದ್ದವು. ಅವಳು ಅವನ್ನು ಹಿಂದಿನ ಹಳ್ಳಕ್ಕೆ ಹಾಕಿ ಬರುತ್ತಿದ್ದಳು.

ಒಂದು ದಿನ ಲೈನ್‌ಮನ್‌ಗೆ ರೇಗಿಹೋಯಿತು. ಮೂವರನ್ನೂ ಕಂಬದ ಕೆಳಗೆ ನಿಲ್ಲಿಸಿಕೊಂಡ.

"ಇದೇನು ರೋಗ ನಿಮ್ಗೆ? ಸಂಜೆ ನಿಲ್ಸೋವಾಗ ಮಿಷಿನ್ನು ಖಾಲಿ ಮಾಡಿ ನಿಲ್ಸ್ರಿ. ಬೆಳಿಗ್ಗೆ ಖಾಲೀನೇ ಎಬ್ಬಿಸ್ರಿ. ಒಬ್ರು ಮೊದ್ಲು ಶುರು ಮಾಡ್ರಿ. ಅದು ಗುರ್ ಅಂತ ಏಳ್ತೈತೆ, ಆಮೇಲೆ ಸದ್ದು ಸಮ ಆಗ್ತೈತೆ. ಸಮ ಆದ್ಮೇಲೆ ಇನ್ನೊಬ್ರು. ಅದೂ ಸಮ ಆದ್ಮೇಲೆ ಮತ್ತೊಬ್ರು. ಇದ್ಕೆ ಕಿವಿ ಬೇಕು, ಇನ್ನೇನೂ ಬೇಡ. ಕಿವಿ ಐತಲ್ಲ ಮೂವರಿಗೂ?"

ಮೂವರೂ ತಲೆ ಆಡಿಸಿದರು. ಮಾರನೆಯ ಬೆಳಿಗ್ಗೆ ಹಾಗೆಯೇ ಮಾಡಿದರು. ಮರದವನು ಗುಂಡಿ ಒತ್ತಿದ. ಉಳಿದಿಬ್ಬರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಕಿವಿಗೊಟ್ಟರು. ಅವನ ಸದ್ದು ಸಮವಾಯಿತು. ಎಣ್ಣೆಯವನು ಒತ್ತಿದ. ಅವನದೂ ಸಮವಾಯಿತು. ಕಲ್ಲಿನವನು ಒತ್ತಿದ. ದೀಪ ಒಂದು ಸಲ ಕಣ್ಣು ಮಿಟುಕಿಸಿತು, ಅಷ್ಟೇ. ಫ್ಯೂಸು ಹೋಗಲಿಲ್ಲ. ಕಡೆಯವನು ಕಾದದ್ದು ಎಷ್ಟು ಹೊತ್ತು ಗೊತ್ತೇ? ಒಂದು ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗಿಡುವಷ್ಟು ಹೊತ್ತು.

ಹಾಗೆ ಕೆಲವು ದಿನ ನಡೆಯಿತು. ಮೊಟ್ಟೆಯವಳು ಆ ದಿನಗಳಲ್ಲಿ ಹಳ್ಳದ ಕಡೆಗೆ ಹೋಗಲಿಲ್ಲ. ಪೆಟ್ಟಿಗೆಯ ತುಂಬ ಹೊಸ ಮೊಟ್ಟೆ ಇಟ್ಟಳು.

ಇಷ್ಟಕ್ಕೇ ಕತೆ ಮುಗಿಯಬೇಕಿತ್ತು. ಯಾಕೆ ಮುಗಿಯಲಿಲ್ಲ ಹೇಳು, ತಿಪ್ಪೇಶ?

ಗುರುಗಳು ಅವನನ್ನೇ ನೋಡುತ್ತ ಮುಂದುವರಿಸಿದರು.

ಒಂದು ಬೆಳಿಗ್ಗೆ ಕಲ್ಲಿನವನು, "ದಿನಾ ನಾನೇ ಯಾಕೆ ಕಡೇಗೆ?" ಎಂದ. ಬಯಲಿನಲ್ಲಿ ಎಲ್ಲರಿಗಿಂತ ದೊಡ್ಡ ಮೋಟರು ನನ್ನದು, ಎಲ್ಲರಿಗಿಂತ ಹೆಚ್ಚು ಕರೆಂಟ್ ಬಿಲ್ಲು ಕಟ್ಟುವವನು ನಾನು, ಎಂದ. ಅದು ಸುಳ್ಳಲ್ಲ. ಎಣ್ಣೆಯವನು, ಟಿಸಿಯ ಕಂಬ ನಿಂತಿರುವುದು ನನ್ನ ಜಾಗದಲ್ಲಿ, ಬಿಟ್ಟುಕೊಟ್ಟವನು ನಾನು, ಎಂದ. ಅದೂ ಸುಳ್ಳಲ್ಲ. ಮರದವನು, ಇಲ್ಲಿ ಮುಳ್ಳುಕಂಟಿ ಕಡಿದು ಮೊದಲ ಶೆಡ್ಡು ಹಾಕಿದವನು ನಾನು, ನೀವಿಬ್ಬರೂ ನನ್ನ ಬೆನ್ನ ಹಿಂದೆ ಬಂದವರು, ಎಂದ. ಅದೂ ನಿಜ.

ಚೆನ್ನಾಗಿ ಕೇಳಿಸಿಕೋ. ಮೂವರಲ್ಲಿ ಒಬ್ಬನೂ ಸುಳ್ಳು ಹೇಳಲಿಲ್ಲ. ಮೂವರ ಕಡೆಗೂ ನ್ಯಾಯವಿತ್ತು. ಸುಳ್ಳು ಹೇಳುವವನನ್ನು ಹಿಡಿದು ಬಾಯಿ ಮುಚ್ಚಿಸಬಹುದು. ನಿಜ ಹೇಳುವವನ ಬಾಯಿ ಮುಚ್ಚಿಸುವವರು ಯಾರು? ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ನನಗೆ ಕಳ್ಳರ ಮೇಲೆ ಬಾರದ ಸಿಟ್ಟು ಇಂಥವರ ಮೇಲೆ ಬರುತ್ತದೆ.

ಮೊಟ್ಟೆಯವಳು ಒಮ್ಮೆ ಆ ಜಗಳದ ನಡುವೆ ಬಂದು ನಿಂತಳು.

"ಅಣ್ಣಾ, ನಂದು ಸಣ್ಣದು. ನನ್ನ ಎಲ್ರಿಗಿಂತ ಹಿಂದಕ್ಕೆ ಹಾಕ್ರಿ, ಬ್ಯಾಡ ಅನ್ನಲ್ಲ. ಆದ್ರೆ ಲೈನು ಹೋಗದಂಗೆ ನೋಡ್ಕಳ್ರಿ. ಹಬ್ಬದ ಹೊತ್ತಿಗೆ ಮರಿ ಒಡೀತಾವೆ."

"ನಿಂದು ಆಮೇಲೆ ನೋಡೋಣ ಕಣಮ್ಮ," ಎಂದ ಎಣ್ಣೆಯವನು. "ದೊಡ್ಡ ವಿಷ್ಯ ನಡೀತೈತೆ."

ಅವಳು ಹಿಂದಿರುಗಿ ಹೋದಳು. ಮೂವರೂ ದೊಡ್ಡ ವಿಷಯಕ್ಕೆ ಮರಳಿದರು.

ಬೈದುಕೊಳ್ಳುತ್ತಲೇ ಗುಂಡಿಯನ್ನು ಮಾತ್ರ ಇನ್ನೂ ಒಬ್ಬರಾದ ಮೇಲೆ ಒಬ್ಬರು ಒತ್ತುತ್ತಿದ್ದರು, ಅಷ್ಟರಲ್ಲಿ ಆಯುಧಪೂಜೆ ಬಂತು. ಆ ಬಯಲಿನಲ್ಲಿ ಒಂದು ಪದ್ಧತಿ. ಪೂಜೆಯಾದ ಮೇಲೆ ಮುಹೂರ್ತಕ್ಕೆ ಸರಿಯಾಗಿ ಯಾರು ಮೊದಲು ಯಂತ್ರ ಎಬ್ಬಿಸುತ್ತಾರೋ ಅವರಿಗೆ ಮೊದಲ ವೀಳ್ಯ. ವರ್ಷವಿಡೀ ಹಿರಿಯನೆಂಬ ಮರ್ಯಾದೆ. ಹಿಂದೆಲ್ಲ ಅದು ಮರದವನದಾಗಿತ್ತು, ಯಾರೂ ಕೇಳಿರಲಿಲ್ಲ. ಈ ಸಲ ಮೂವರೂ ಕೇಳಿದರು. ಪೂಜೆಯ ಅಯ್ಯನವರು ಕೊಟ್ಟದ್ದು ಒಂದೇ ಮುಹೂರ್ತ. ಮೂವರಿಗೆ ಮೂರು ಮುಹೂರ್ತ ಕೊಡಲು ಪಂಚಾಂಗವೇನು ಅವರ ಜೇಬಿನಲ್ಲಿ ಇರುತ್ತದೆಯೇ?

ಜಗಳ ಕೈಗೆ ಕೈ ಹತ್ತುವವರೆಗೆ ಹೋಯಿತು. ಆಮೇಲೆ ಯಾರೋ ಹಿರಿಯರು ನಡುವೆ ಬಂದರು. ಕೂಡಿಸಿ ಮಾತಾಡಿದರು. ಒಂದು ಒಪ್ಪಂದವಾಯಿತು. ಯಾರೂ ಮೊದಲಲ್ಲ, ಯಾರೂ ಕಡೆಯಲ್ಲ. ಗಂಟೆ ಬಾರಿಸಿದ ಕೂಡಲೇ ಮೂವರೂ ಒಟ್ಟಿಗೆ ಗುಂಡಿ ಒತ್ತುವುದು. ಮೂವರಿಗೂ ಒಟ್ಟಿಗೆ ವೀಳ್ಯ. ಎಲ್ಲರೂ ಭೇಷ್ ಎಂದರು. ಇಷ್ಟು ಸಮನಾದ ತೀರ್ಮಾನ ಆ ಊರಿನಲ್ಲಿ ಆಗಿದ್ದೇ ಇಲ್ಲ ಎಂದರು. ಮೂವರೂ ತೆಂಗಿನಕಾಯಿ ಮುಟ್ಟಿ ಒಪ್ಪಿದರು.

ಒಬ್ಬನಿಗೆ ಮಾತ್ರ ಫ್ಯೂಸಿನ ನೆನಪಾಯಿತು. ಎಣ್ಣೆಯವನಿಗೆ. ಒಟ್ಟಿಗೆ ಒತ್ತಿದರೆ ಫ್ಯೂಸು ಹೋಗುತ್ತದಲ್ಲ, ಹಬ್ಬದ ದಿನ ಅಪಶಕುನವಲ್ಲವೇ, ಎಂದ. ಮೂವರೂ ಯೋಚಿಸಿದರು. ಇಷ್ಟು ದಿನ ಒಂದು ವಿಷಯಕ್ಕೂ ಒಮ್ಮತ ಇಲ್ಲದವರು ಇದೊಂದಕ್ಕೆ ತಕ್ಷಣ ಒಮ್ಮತಕ್ಕೆ ಬಂದರು. ಫ್ಯೂಸಿನ ಜಾಗದಲ್ಲಿ ದಪ್ಪ ತಾಮ್ರದ ತಂತಿ ಹುರಿಮಾಡಿ ಕಟ್ಟಿಬಿಡುವುದು. ಇನ್ನು ಅದು ಹೋಗುವ ಮಾತೇ ಇಲ್ಲ. ಲೈನ್‌ಮನ್‌ಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಾನೆಂದು ಗೊತ್ತಿತ್ತು. ಬೈಸಿಕೊಳ್ಳುವ ಕೆಲಸವೆಂದು ಗೊತ್ತಿದ್ದೂ ಕದ್ದು ಮಾಡುವುದಕ್ಕೆ ನಮ್ಮಲ್ಲಿ ಜಾಣತನ ಎನ್ನುತ್ತಾರೆ.

ಹಬ್ಬದ ಬೆಳಿಗ್ಗೆ ಮೂವರೂ ಯಂತ್ರ ತೊಳೆದರು. ವಿಭೂತಿ ಬಳಿದರು, ಕುಂಕುಮ ಹಚ್ಚಿದರು, ಬಾಳೆಕಂದು ಕಟ್ಟಿದರು. ಗಾಲಿಯ ಮುಂದೆ ನಿಂಬೆಹಣ್ಣು ಇಟ್ಟರು. ಅಲ್ಲಿಯವರೆಗೆ ಸರಿ. ಆಮೇಲೆ ಮರದವನು, ಹಬ್ಬದ ದಿನ ಯಂತ್ರವನ್ನು ಹಸಿದ ಹೊಟ್ಟೆಯಲ್ಲಿ ಎಬ್ಬಿಸಬಾರದು, ವರ್ಷವೆಲ್ಲ ಖಾಲಿ ಹೋಗುತ್ತದೆ, ಎಂದು ಗರಗಸದ ಬಾಯಿಗೆ ಇದ್ದುದರಲ್ಲೇ ದಪ್ಪ ದಿಮ್ಮಿ ಕೊಟ್ಟ. ಅದನ್ನು ನೋಡಿ ಎಣ್ಣೆಯವನು ಗಾಣದ ತುಂಬ ಶೇಂಗಾ ಸುರಿದ. ಇಬ್ಬರನ್ನೂ ನೋಡಿ ಕಲ್ಲಿನವನು ಎರಡು ಚಪ್ಪಡಿ ಹಾಸಿ ಚಕ್ರ ಊರಿದ. ಯಂತ್ರದ ಹೊಟ್ಟೆ ತುಂಬಿಸುವುದರಲ್ಲಿಯೂ ಯಾರೂ ಹಿಂದೆ ಬೀಳಲಿಲ್ಲ.

ಆ ಹೊತ್ತಿಗೆ ಮೊಟ್ಟೆಯವಳು ತನ್ನ ಶೆಡ್ಡಿನಲ್ಲಿ ಒಬ್ಬಳೇ ಇದ್ದಳು. ಪೆಟ್ಟಿಗೆಯ ಬಾಗಿಲಿಗೆ ಅವಳೂ ಕುಂಕುಮ ಇಟ್ಟಿದ್ದಳು. ಬಾಗಿಲಿಗೆ ಕಿವಿಯಿಟ್ಟು ಕೂತಿದ್ದಳು. ಮರಿಗಳು ಒಡೆಯುವ ಹಿಂದಿನ ದಿನ ಮೊಟ್ಟೆಯ ಒಳಗಿಂದಲೇ ಕೂಗುತ್ತವೆ. ಸಣ್ಣ ದನಿ. ಒಂದು ಕೂಗಿದರೆ ಇನ್ನೊಂದು ಓಗೊಡುತ್ತದೆ. ಪೆಟ್ಟಿಗೆ ತುಂಬ ಆ ಸದ್ದು ಎದ್ದಿತ್ತು.

ಗಂಟೆ ಬಾರಿಸಿತು. ಬೂದುಗುಂಬಳ ಒಡೆಯಿತು. ಮೂವರೂ ಒಟ್ಟಿಗೆ ಒತ್ತಿದರು.

ಮೂರು ಮೋಟರೂ ನರಳಿದವು. ಒಂದೂ ಏಳಲಿಲ್ಲ. ಎಳೆದುಕೊಳ್ಳುವಷ್ಟು ಕರೆಂಟು ಕಂಬದಲ್ಲಿದ್ದರಲ್ಲವೇ ಏಳುವುದು? ಒಂದರ ಪಾಲನ್ನು ಇನ್ನೊಂದು ಕಿತ್ತುಕೊಳ್ಳುತ್ತಿತ್ತು. ದೀಪಗಳು ಕೆಂಪಗಾದವು, ಹಾಗೆಯೇ ಕೆಂಪಗೆ ಉಳಿದವು. ಗುಂಡಿ ಕೂರಿಸಿದ ಸ್ಟಾರ್ಟರಿಗೆ ಒಂದು ಬುದ್ಧಿ ಇರುತ್ತದೆ. ಕರೆಂಟು ಕುಗ್ಗಿದರೆ ಗುಂಡಿ ತಾನಾಗಿ ಬಿಟ್ಟುಕೊಳ್ಳುತ್ತದೆ. ಮೂರೂ ಗುಂಡಿಗಳು ಬಿಟ್ಟುಕೊಳ್ಳಲು ನೋಡಿದವು. ಮೂವರೂ ಹೆಬ್ಬೆರಳು ಊರಿ ಒತ್ತಿ ಹಿಡಿದರು. ಒಬ್ಬ ಕೈ ತೆಗೆದಿದ್ದರೆ ಉಳಿದೆರಡು ಎದ್ದುಬಿಡುತ್ತಿದ್ದವೋ ಏನೋ. ಯಾರೂ ತೆಗೆಯಲಿಲ್ಲ. ಮೊದಲು ಕೈ ತೆಗೆದವನು ಸೋತ ಹಾಗೆ. ಶೆಡ್ಡಿನಿಂದ ಶೆಡ್ಡಿಗೆ ಕಣ್ಣು ಕೆಕ್ಕರಿಸಿ ನೋಡುತ್ತ ನಿಂತರು.

ಸುಡಬೇಕಾದ ಫ್ಯೂಸು ಅಲ್ಲಿರಲಿಲ್ಲ. ಆದ್ದರಿಂದ ಟಿಸಿ ಸುಟ್ಟಿತು. ಮೊದಲು ಹೊಗೆ ಬಂತು, ಆಮೇಲೆ ಟಿಸಿಯೊಳಗಿನ ಕಾದ ಎಣ್ಣೆ ಕಂಬದಿಂದ ಸುರಿಯಿತು, ಆಮೇಲೆ ದೊಡ್ಡ ಸದ್ದು. ಜನ ಪ್ರಸಾದದ ಎಲೆ ಬಿಟ್ಟು ಓಡಿದರು. ಬಯಲಿನಲ್ಲಿ ಕರೆಂಟು ಹೋಯಿತು. ಎಲ್ಲ ಕಡೆ ಹಬ್ಬದ ರಜೆ. ಹೊಸ ಟಿಸಿ ಬರಲು ದಿನಗಳೇ ಹಿಡಿದವು.

ಗುರುಗಳು ಇಲ್ಲಿ ನಿಲ್ಲಿಸಿ ನೀರು ಕುಡಿದರು. ನಮ್ಮಲ್ಲೊಬ್ಬ ಪಕ್ಕದವನ ಕಿವಿಯಲ್ಲಿ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅಂತಾರಲ್ಲ ಹಂಗೆ, ಎಂದ. ಗುರುಗಳಿಗೆ ಕೇಳಿಸಿತು.

ಗಾದೆಯಲ್ಲಿ ಕೂಸು ಬಡವಾಗುತ್ತದೆ ಅಷ್ಟೇ, ಎಂದರು. ಪೂರ್ತಿ ಕೇಳು.

ಮೊಟ್ಟೆಯವಳು ಕೌದಿ ಹೊದಿಸಿದಳು. ಮನೆಯಲ್ಲಿದ್ದ ಸೀರೆಗಳನ್ನೂ ತಂದು ಹೊದಿಸಿದಳು. ನೀರು ಕಾಯಿಸಿ ತಂಬಿಗೆ ಇಟ್ಟಳು, ಬದಲಿಸಿದಳು, ಮತ್ತೆ ಇಟ್ಟಳು. ಸೌದೆ ಮುಗಿಯಿತು. ಮರದವನ ಶೆಡ್ಡಿನ ಹಿಂದೆ ಬಿದ್ದಿದ್ದ ಚಕ್ಕೆ ಆಯ್ದು ತಂದು ಉರಿಸಿದಳು. ಕಾವಿಗೆ ಕೂತ ಕೋಳಿ ಯಾರ ಮನೆಯಲ್ಲಾದರೂ ಇದೆಯೇ ಎಂದು ಕೇರಿ ತಿರುಗಿದಳು. ಸಿಕ್ಕಿದ ಒಂದೆರಡು ಕೋಳಿಯ ಕೆಳಗೆ ಎಷ್ಟು ಮೊಟ್ಟೆ ಹಿಡಿಯುತ್ತವೆ? ತನ್ನ ಮಡಿಲಲ್ಲಿ ಕಟ್ಟಿಕೊಂಡು ಕೂತಳು. ಮಡಿಲಲ್ಲಿ ಎಷ್ಟು ಹಿಡಿಯುತ್ತವೆ?

ಮರಿಗಳ ಸದ್ದು ಒಮ್ಮೆಲೇ ನಿಲ್ಲಲಿಲ್ಲ. ಮೊದಲು ಈ ಮೂಲೆಯಲ್ಲಿ ನಿಂತಿತು, ಆಮೇಲೆ ಆ ಮೂಲೆಯಲ್ಲಿ. ಕೂಗಿದ್ದಕ್ಕೆ ಓಗೊಡುವುದು ನಿಂತಿತು. ಕೆಲವು ಕೊಕ್ಕಿನಿಂದ ಚಿಪ್ಪಿಗೆ ತೂತು ಮಾಡಿದ್ದವು. ತೂತಿನಲ್ಲಿ ಕೊಕ್ಕು ಕಾಣುತ್ತಿತ್ತು, ಅಲುಗುತ್ತಿರಲಿಲ್ಲ. ಅವಳು ಪೆಟ್ಟಿಗೆಗೆ ಕಿವಿ ಹಚ್ಚಿಯೇ ಇದ್ದಳು. ಕೊನೆಗೆ ಅವಳಿಗೆ ಕೇಳಿಸಿದ್ದು ತನ್ನ ಉಸಿರು ಮಾತ್ರ.

ಮಾರನೆಯ ದಿನ ಒಂದು ಪುಟ್ಟಿಯ ತುಂಬ ಮೊಟ್ಟೆ ತುಂಬಿಕೊಂಡು ಬಂದಳು. ಮೂವರೂ ಸುಟ್ಟ ಕಂಬದ ಕೆಳಗೆ ನಿಂತಿದ್ದರು. ನಿನ್ನದರಿಂದ ಹೋಯಿತು ಎಂದು ಒಬ್ಬರಿಗೊಬ್ಬರು ಹೇಳುತ್ತಿದ್ದರು. ನನ್ನ ಮೋಟರು ಒಂದೇ ಎದ್ದಾಗ ಒಂದು ದಿನವೂ ಫ್ಯೂಸು ಹೋಗಿಲ್ಲ ಎಂದು ಮರದವನು ಆಣೆ ಇಡುತ್ತಿದ್ದ. ಉಳಿದಿಬ್ಬರೂ ಅದೇ ಆಣೆ ಇಟ್ಟರು. ಆಗಲೂ ಮೂವರೂ ಹೇಳುತ್ತಿದ್ದದ್ದು ನಿಜವೇ. ಊರು ಸುಟ್ಟರೂ ಹನುಮಪ್ಪ ಹೊರಗೆ. ಅಲ್ಲಿ ಮೂವರು ಹನುಮಪ್ಪಂದಿರು.

ಅವಳು ಜಗಳವಾಡಲಿಲ್ಲ. ಶಾಪ ಹಾಕಲಿಲ್ಲ. ಪುಟ್ಟಿಯಿಂದ ಒಂದು ಮೊಟ್ಟೆ ತೆಗೆದು ಮರದವನ ಕೈಯಲ್ಲಿಟ್ಟಳು. ಇನ್ನೊಂದನ್ನು ಎಣ್ಣೆಯವನ ಕೈಯಲ್ಲಿಟ್ಟಳು. ಇನ್ನೊಂದನ್ನು ಕಲ್ಲಿನವನ ಕೈಯಲ್ಲಿಟ್ಟಳು.

"ಕಿವೀಗೆ ಹಿಡೀರಿ," ಎಂದಳು.

ಮೂವರೂ ಹಿಡಿದರು. ಅವಳ ಮುಖ ನೋಡಿದವರಿಗೆ ಹಿಡಿಯದೆ ಇರಲು ಆಗುತ್ತಿರಲಿಲ್ಲ.

"ಏನು ಕೇಳ್ತೈತೆ?"

"ಏನೂ ಇಲ್ಲ," ಎಂದ ಮರದವನು.

"ನಿನ್ನೆ ಗಂಟೆ ಬಾರಿಸೋ ತನಕ ಕೇಳ್ತಿತ್ತು," ಎಂದಳು. ಪುಟ್ಟಿಯನ್ನು ಅಲ್ಲೇ ಅವರ ಕಾಲ ಬಳಿ ಇಟ್ಟು ಹೋದಳು. ಆ ಬಯಲಿಗೆ ಮತ್ತೆ ಬರಲಿಲ್ಲ.

ಅವಳು ಹೋದ ಮೇಲೆ ಮೂವರೂ ಅತ್ತರು, ಬದಲಾದರು ಎಂದುಕೊಂಡೆಯಾ? ಮನುಷ್ಯರನ್ನು ನೀನು ಇನ್ನೂ ನೋಡಿಲ್ಲ. ಮೊಟ್ಟೆ ಇನ್ನೂ ಕೈಯಲ್ಲಿರುವಾಗಲೇ ಮರದವನು ಬಾಯಿ ಬಿಟ್ಟ.

"ಅಲ್ಲಯ್ಯಾ, ಅವಳು ಮೊದ್ಲು ನನ್ ಕೈಗೇ ಯಾಕೆ ಇಟ್ಟಳು? ನಂದೇ ಹೆಚ್ಚು ತಪ್ಪು ಅಂತಲಾ?"

"ನೀನೇ ಅಲ್ವಾ ಹಿರಿಯ," ಎಂದ ಕಲ್ಲಿನವನು. "ಇಲ್ಲಿಗೆ ಮೊದ್ಲು ಬಂದೋನು ನೀನು. ನಾವು ನಿನ್ ಬೆನ್ನಿಂದೆ ಬಂದೋರು."

ಮರದವನು, ದೊಡ್ಡ ಮೋಟರು ನಿನ್ನದು, ಎಲ್ಲರಿಗಿಂತ ಹೆಚ್ಚು ಎಳೆದವನು ನೀನು, ಎಂದು ಕಲ್ಲಿನವನಿಗೆ ತಿರುಗಿಸಿದ. ಇಬ್ಬರೂ ಸೇರಿ, ಕಂಬ ಇರುವುದು ನಿನ್ನ ಜಾಗದಲ್ಲಿ, ಎಂದು ಎಣ್ಣೆಯವನ ಮೇಲೆ ಬಿದ್ದರು. ಹಳೆಯ ಹಕ್ಕುಗಳೇ. ಒಂದಕ್ಷರವೂ ಬದಲಾಗಿರಲಿಲ್ಲ. ಮೊದಲಿಗ ಯಾರೆಂಬುದು ಕೊನೆಗೂ ತೀರ್ಮಾನವಾಗುವ ಹೊತ್ತು ಬಂದಿತ್ತು, ಆದರೆ ಈಗ ಆ ಜಾಗ ಯಾರಿಗೂ ಬೇಡವಾಗಿತ್ತು.

ಹೊಸ ಟಿಸಿ ಬಂದ ಮೇಲೆ ಮೂವರೂ ಪಾಳಿಯ ಮೇಲೆ ಯಂತ್ರ ಎಬ್ಬಿಸುತ್ತಾರಂತೆ. ಒಬ್ಬನ ಸದ್ದು ಸಮವಾಗುವವರೆಗೆ ಇನ್ನೊಬ್ಬ ಬಾಗಿಲಲ್ಲಿ ನಿಂತು ಕಿವಿಗೊಡುತ್ತಾನಂತೆ. ಚೆನ್ನಾಗಿ ಕಲಿತಿದ್ದಾರೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವುದನ್ನು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಲ್ಕನೆಯ ಶೆಡ್ಡಿನ ಬಾಗಿಲು ಮಾತ್ರ ಹಾಕಿಯೇ ಇದೆ.

ಕತೆ ಮುಗಿಯಿತು. ತಿಪ್ಪೇಶನ ಮುಖದ ಕೆಂಪು ಇಳಿದಿತ್ತು, ಆದರೆ ಹಟ ಪೂರ್ತಿ ಇಳಿದಿರಲಿಲ್ಲ. ಅವನು ಕುತ್ತಿಗೆ ತುರಿಸಿಕೊಂಡ.

"ಅದು ಸರಿ ಬುದ್ಧೀ. ಆದ್ರೂ, ಸಾಕಿದೋನು ನಾನು. ಅವನು ಒಂದು ಸಲ ತಪ್ಪಾಯ್ತು ಅನ್ಲಿ, ನಾನು ತಡ್ಕೊಂತೀನಿ. ಅವನೇ ಮೊದ್ಲು ಅನ್ಲಿ."

"ಮೊದಲು," ಎಂದರು ಗುರುಗಳು. ಅವರ ದನಿ ಇನ್ನೂ ಇಳಿಯಿತು. "ಬಂದಾಗಿನಿಂದ ನೀನು ಸಾಕಿದ್ದು ಹೇಳಿದೆ, ಓದಿಸಿದ್ದು ಹೇಳಿದೆ, ಅಣ್ಣ ಏನೇನು ಮಾಡಲಿಲ್ಲ ಎಂಬುದನ್ನೂ ಹೇಳಿದೆ. ಹುಡುಗಿಯ ಹೆಸರೇನು?"

"ನಾಗವೇಣಿ," ಎಂದ ತಿಪ್ಪೇಶ. ಆ ಹೆಸರು ಹೇಳುವಾಗ ಅವನ ದನಿ ಸಣ್ಣದಾಯಿತು.

"ಮನೆಗೆ ಹೋಗಿ ನಾಗವೇಣಿಯ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ಕೇಳು, ಒಳಗೆ ಸದ್ದು ಇನ್ನೂ ಇದ್ದರೆ ಬಾ, ಧಾರೆ ಯಾರು ಎರೆಯಬೇಕೆಂದು ಆಗ ಮಾತಾಡೋಣ."